ಮೂಲವು ಮನುಷ್ಯನ ಲಕ್ಷಣವಲ್ಲ

ಒಬ್ಬ ವ್ಯಕ್ತಿ ಯಾರು ಎಂಬ ಪ್ರಶ್ನೆಗೆ, ಆತ ಎಲ್ಲಿಂದ ಬಂದವನು ಎಂಬುದು ಗೊತ್ತಾದರೆ ಉತ್ತರ ಸಿಕ್ಕಂತೆಯೇ ಎಂಬ ನಂಬಿಕೆ ಇಂದಿನ ಬೆಂಗಳೂರಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದೂ ಒಂದು ಮತ, ಅದನ್ನೂ ಪರೀಕ್ಷೆಗೆ ಒಡ್ಡಬಹುದು ಎಂಬುದೇ ಬಹುಮಂದಿಗೆ ಹೊಳೆಯುವುದಿಲ್ಲ. ಹುಟ್ಟಿದ ಊರು, ಹೆತ್ತವರ ಜಾತಿ, ಮನೆಯೊಳಗಿನ ಮಾತು ಈ ಮೂರನ್ನೂ ಸೇರಿಸಿ ‘ಮೂಲ’ ಎಂದು ಕರೆದು, ಆ ಮೂಲವೇ ವ್ಯಕ್ತಿಯ ನಿಜಸ್ವರೂಪ, ಉಳಿದದ್ದೆಲ್ಲ ನಡುವೆ ಬಂದು ಸೇರಿಕೊಂಡದ್ದು ಎಂದು ಈ ಮತ ಭಾವಿಸುತ್ತದೆ. ಪ್ರಮಾಣವೆಂದರೆ ಒಂದು ಸಂಗತಿಯನ್ನು ನಿರ್ಣಯಿಸಲು ಆಧಾರವಾಗುವ ಸಾಧನ; ವ್ಯಕ್ತಿಯ ಗುರುತಿನ ವಿಷಯದಲ್ಲಿ ಮೂಲವನ್ನೇ ಕೊನೆಯ ಪ್ರಮಾಣವೆಂದು ಒಪ್ಪುವುದರಿಂದ ಈ ನಿಲುವನ್ನು ಇಲ್ಲಿ ‘ಮೂಲಪ್ರಮಾಣವಾದ’ ಎಂದು ಕರೆಯಲಾಗಿದೆ. ಈ ವಾದ ತರ್ಕದ ಮುಂದೆ ನಿಲ್ಲುವುದಿಲ್ಲ, ಚರಿತ್ರೆಯೊಂದಿಗೆ ಹೊಂದುವುದಿಲ್ಲ, ಆಚರಣೆಗೆ ಬಂದಾಗ ಅನ್ಯಾಯವನ್ನೇ ಹೆಚ್ಚಿಸುತ್ತದೆ. ವ್ಯಕ್ತಿಯನ್ನು ನಿರೂಪಿಸುವುದು ಅವನು ಹೊತ್ತ ಹೊಣೆಗಳು ಮತ್ತು ಅವುಗಳನ್ನು ಅವನು ನಡೆಸಿಕೊಂಡು ಬಂದ ಬಗೆ ಎಂಬುದು ಈ ಲೇಖನದ ಪ್ರತಿಪಾದನೆ.

ಈ ಚರ್ಚೆಗೆ ಪಶ್ಚಿಮ ಬೆಂಗಳೂರಿನ ಹೇರೋಹಳ್ಳಿಗಿಂತ ತಕ್ಕ ನೆಲೆ ಹುಡುಕುವುದು ಕಷ್ಟ. ಮಾಗಡಿ ರಸ್ತೆಯ ಮೇಲೆ ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿಗಳ ನೆರೆಯಲ್ಲಿ ತನ್ನ ಕೆರೆಯೊಂದಿಗೆ ಹಳ್ಳಿಯಾಗಿಯೇ ಇದ್ದ ಈ ಊರು, 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಮತ್ತು ನೂರಕ್ಕೂ ಮಿಕ್ಕಿದ ಗ್ರಾಮಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ನಗರದ ಒಳಗೆ ಬಂದಿತು. ಪಾಲಿಕೆಯ 198 ವಾರ್ಡುಗಳ ಪಟ್ಟಿಯಲ್ಲಿ 72ನೆಯದಕ್ಕೆ ಇದರ ಹೆಸರೇ ಉಳಿಯಿತು. ಪೀಣ್ಯದ ಕಾರ್ಖಾನೆಗಳು, ಮಾಗಡಿ ರಸ್ತೆಯ ಗಾರ್ಮೆಂಟ್ಸುಗಳು, ಆಟೊ ಮತ್ತು ಗಾರೆ ಕೆಲಸ ಜನರನ್ನು ಕರೆತಂದಂತೆ ಹೊಲಗಳು ರೆವಿನ್ಯೂ ಸೈಟುಗಳಾದವು, ಸೈಟುಗಳ ಮೇಲೆ ಎರಡು ಮೂರು ಅಂತಸ್ತಿನ ಮನೆಗಳೆದ್ದವು, ಕುಣಿಗಲ್, ಮಾಗಡಿ, ಮಂಡ್ಯ, ಹಾಸನ, ಉತ್ತರ ಕರ್ನಾಟಕದ ಜಿಲ್ಲೆಗಳು ಹಾಗೂ ಗಡಿಯಾಚೆಯ ಊರುಗಳಿಂದ ಬಂದವರು ಒಂದೇ ಬೀದಿಯ ನಲ್ಲಿಯನ್ನು ಹಂಚಿಕೊಂಡರು. ಬಂದವರೇ ಹೆಚ್ಚಾಗಿರುವ ಇಂಥ ಬಡಾವಣೆಯಲ್ಲಿ ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಯ ತೂಕ ಕಡಿಮೆಯಾಗಬೇಕಿತ್ತು. ಆದರೆ ಅದು ಹೆಚ್ಚಾಗಿದೆ.

ಆ ತೂಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಬಾಡಿಗೆ ಮನೆಯ ಬಾಗಿಲಲ್ಲಿ. ಟು-ಲೆಟ್ ಫಲಕ ನೋಡಿ ಮೆಟ್ಟಿಲು ಹತ್ತಿ ಬಂದ ಗಂಡಹೆಂಡತಿಗೆ ಮನೆಯ ಓನರು ಮೊದಲು ಕೇಳುವುದು “ಯಾವ ಕಡೆಯವರು?” ಎಂದು, ಊರಿನ ಹೆಸರು ಬಂದ ಮೇಲೆ ಸ್ವಲ್ಪ ದನಿ ತಗ್ಗಿಸಿ “ಅಂದ್ರೆ, ನೀವು ಯಾವ ಜನ?” ಎಂದು, ಆ ಉತ್ತರ ಸಾಲದೆ ಹೋದರೆ “ಮನೇಲಿ ನಾನ್‌ವೆಜ್ ಮಾಡ್ತೀರಾ?” ಎಂದು. ಬಾಡಿಗೆ, ಅಡ್ವಾನ್ಸು, ನೀರಿನ ಮಾತು ಇವುಗಳ ನಂತರ. ಬಂದವರು ಏನು ಕೆಲಸ ಮಾಡುತ್ತಾರೆ, ಹಿಂದಿದ್ದ ಮನೆಯನ್ನು ಹೇಗೆ ಇಟ್ಟುಕೊಂಡಿದ್ದರು, ತಿಂಗಳ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೇ ಎಂಬ, ಮನೆ ಕೊಡುವವರಿಗೆ ನಿಜಕ್ಕೂ ಬೇಕಾದ ಸಂಗತಿಗಳು ಎಷ್ಟೋ ಸಲ ಕೇಳಲ್ಪಡುವುದೇ ಇಲ್ಲ; ಎರಡನೆಯ ಪ್ರಶ್ನೆಗೆ ಹಿಡಿಸದ ಉತ್ತರ ಬಂದರೆ “ನಮ್ಮ ಸಂಬಂಧಿಕರು ಬರ್ತಾ ಇದ್ದಾರೆ” ಎಂಬ ನೆಪದಲ್ಲಿ ಮಾತು ಮುಗಿಯುತ್ತದೆ. ಕೇಳುವವರ ತಂದೆಯೋ ಅವರೇ ಸ್ವತಃವೋ ಇದೇ ರಸ್ತೆಯಲ್ಲಿ ಮನೆ ಹುಡುಕುತ್ತ ಅಲೆದವರಾಗಿರುವುದು ಅಪರೂಪವಲ್ಲ. ಇಲ್ಲಿ ದೂರಬೇಕಾದದ್ದು ಒಬ್ಬಿಬ್ಬರ ಸಂಕುಚಿತ ಮನಸ್ಸನ್ನಲ್ಲ. ಮನುಷ್ಯನ ಬಗ್ಗೆ ತಿಳಿಯಬೇಕಾದದ್ದೆಲ್ಲ ಆ ಎರಡನೆಯ ಪ್ರಶ್ನೆಯ ಉತ್ತರದಲ್ಲಿದೆ ಎಂದು ಕಲಿಸಿಕೊಟ್ಟ ಮತವನ್ನು.

ಖಂಡಿಸುವ ಮೊದಲು ಎದುರಾಳಿಯ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಅದರ ಪೂರ್ಣ ಬಲದಲ್ಲಿ ಮಂಡಿಸುವುದು ನಮ್ಮ ಶಾಸ್ತ್ರಪರಂಪರೆಯ ಶಿಸ್ತು. ಮೂಲಪ್ರಮಾಣವಾದಿಗಳ ಮೊದಲನೆಯ ವಾದವೆಂದರೆ, ಕೆಲಸ, ವಿಳಾಸ, ಅಭಿಪ್ರಾಯಗಳೆಲ್ಲ ಬದಲಾಗುತ್ತವೆ, ಹುಟ್ಟು ಬದಲಾಗುವುದಿಲ್ಲ, ಬದಲಾಗದ್ದೇ ಗುರುತಿಗೆ ಆಧಾರವಾಗಬೇಕು ಎಂಬುದು. ಎರಡನೆಯದು, ಅಪರಿಚಿತ ನಗರದಲ್ಲಿ ಕಾಲಿಟ್ಟವರಿಗೆ ಮೊದಲ ಕೆಲಸವನ್ನೂ ಮೊದಲ ರಾತ್ರಿಯ ಆಸರೆಯನ್ನೂ ಕೊಡುವುದು ಊರಿನವರು, ನಮ್ಮವರು ಎಂಬ ನಂಟೇ ಆದ್ದರಿಂದ ಅದನ್ನು ಅಲ್ಲಗಳೆಯುವವರು ಬಡವರ ಬದುಕನ್ನು ಅರಿಯದವರು ಎಂಬುದು. ಮೂರನೆಯದು ಇವೆರಡಕ್ಕಿಂತ ಗಂಭೀರವಾದದ್ದು: 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ ಇರುವಾಗ ಮೂಲವನ್ನು ಕೇಳದಿದ್ದರೆ ಕನ್ನಡ ತನ್ನ ರಾಜಧಾನಿಯಲ್ಲೇ ನೆಲೆ ಕಳೆದುಕೊಳ್ಳುತ್ತದೆ, ಹುಟ್ಟಿನ ಜಾತಿಯನ್ನು ಕೇಳದಿದ್ದರೆ ಜಾತಿಯಿಂದಾದ ಅನ್ಯಾಯಕ್ಕೆ ಪರಿಹಾರ ಕೊಡುವುದಕ್ಕೇ ಆಗುವುದಿಲ್ಲ ಎಂಬುದು.

ಮೊದಲು ಈ ಮತದ ತಳಹದಿಯನ್ನೇ ಪರೀಕ್ಷಿಸಬೇಕು. ಒಂದು ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸಿಕೊಡುವ ಧರ್ಮವನ್ನು ನ್ಯಾಯಶಾಸ್ತ್ರ ‘ಲಕ್ಷಣ’ ಎನ್ನುತ್ತದೆ, ಮತ್ತು ಲಕ್ಷಣಕ್ಕೆ ಮೂರು ದೋಷಗಳು ಇರಬಾರದೆಂದು ವಿಧಿಸುತ್ತದೆ. ಒಳಗೊಳ್ಳಬೇಕಾದ ಕೆಲವನ್ನು ಬಿಟ್ಟರೆ ಅವ್ಯಾಪ್ತಿ. ಒಳಗೊಳ್ಳಬಾರದ್ದನ್ನೂ ಒಳಗೊಂಡರೆ ಅತಿವ್ಯಾಪ್ತಿ. ಯಾವುದಕ್ಕೂ ಅನ್ವಯಿಸದೆ ಹೋದರೆ ಅಸಂಭವ. ಮೂಲವನ್ನು ವ್ಯಕ್ತಿಯ ಲಕ್ಷಣವೆನ್ನುವ ವಾದದಲ್ಲಿ ಈ ಮೂರೂ ದೋಷಗಳು ಒಟ್ಟಿಗೆ ಇವೆ.

ಅವ್ಯಾಪ್ತಿಗೆ ಕನ್ನಡದ ದೊಡ್ಡ ಹೆಸರುಗಳೇ ಸಾಕ್ಷಿ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ದ. ರಾ. ಬೇಂದ್ರೆಯವರದು ಮರಾಠಿ, ಕೆ. ಎಸ್. ನಿಸಾರ್ ಅಹಮದ್ ಅವರದು ಉರ್ದು. ಗಿರೀಶ ಕಾರ್ನಾಡರದು ಕೊಂಕಣಿ, ಅವರು 1938ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಬೇಂದ್ರೆಯವರಿಗೆ 1973ರ, ಮಾಸ್ತಿಯವರಿಗೆ 1983ರ, ಕಾರ್ನಾಡರಿಗೆ 1998ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡ ಲೇಖಕರೆಂದೇ. 1982ರಲ್ಲಿ ಗೋಕಾಕ್ ಚಳವಳಿಯ ಮುಂದಾಳತ್ವ ವಹಿಸಿ ನಾಡಿನ ಉದ್ದಗಲಕ್ಕೂ ಓಡಾಡಿದ, ಪಶ್ಚಿಮ ಬೆಂಗಳೂರಿನ ಕಂಠೀರವ ಸ್ಟುಡಿಯೋದ ನೆಲದಲ್ಲಿ ಈಗ ಮಲಗಿರುವ ಡಾ. ರಾಜ್‌ಕುಮಾರ್ ಅವರು ಹುಟ್ಟಿದ ಗಾಜನೂರು ಇಂದು ತಮಿಳುನಾಡಿನಲ್ಲಿದೆ. ಇವರನ್ನು ಕನ್ನಡಿಗರ ಲೆಕ್ಕದಿಂದ ಹೊರಗಿಡುವ ಲಕ್ಷಣ ಲಕ್ಷಣವೇ ಅಲ್ಲ. ಇವರನ್ನು ವಿಶೇಷ ವಿನಾಯಿತಿಯೆಂದು ಒಳಗೆ ಸೇರಿಸಿಕೊಂಡರೆ, ಇವರನ್ನು ಒಳಗೆ ತಂದದ್ದು ಮೂಲವಲ್ಲದ ಬೇರೊಂದು ಎಂದು ಒಪ್ಪಿಕೊಂಡಂತಾಗುತ್ತದೆ.

ಪ್ರಸಿದ್ಧರ ಮಾತು ಹಾಗಿರಲಿ, ಸಾಮಾನ್ಯ ಸಂಸಾರಗಳ ವಿಷಯದಲ್ಲಿ ಈ ದೋಷ ಇನ್ನೂ ನಿಚ್ಚಳವಾಗಿದೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯ ಅಭ್ಯರ್ಥಿಗಳ ಉದ್ಯೋಗ ಮಸೂದೆ, ಸ್ಥಳೀಯರೆನಿಸಲು ಮೂರು ಷರತ್ತುಗಳನ್ನು ಇಟ್ಟಿತ್ತು: ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ನೆಲೆಸಿರಬೇಕು, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವರಾಗಿರಬೇಕು. ಕೊನೆಯ ಎರಡು ಷರತ್ತುಗಳಿಗೆ ಅರ್ಥವಿದೆ. ಮೊದಲನೆಯದಕ್ಕೆ ಏನಾಗುತ್ತದೆಂದು ನೋಡಬೇಕಾದರೆ ನಮ್ಮ ಬಾಣಂತನದ ರೂಢಿಯನ್ನು ನೆನೆದರೆ ಸಾಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ಇಲ್ಲಿನ ಬಹುತೇಕ ಸಮುದಾಯಗಳ ಪದ್ಧತಿ. ಹೇರೋಹಳ್ಳಿಗೆ ಸೊಸೆಯಾಗಿ ಬಂದವಳ ತವರು ಹಿಂದೂಪುರದಲ್ಲೋ ಹೊಸೂರಿನಲ್ಲೋ ಇದ್ದರೆ ಅವಳ ಮೊದಲ ಮಗು ಆಂಧ್ರದಲ್ಲೋ ತಮಿಳುನಾಡಿನಲ್ಲೋ ಹುಟ್ಟುತ್ತದೆ, ಮೂರೋ ಐದೋ ತಿಂಗಳಿಗೆ ತೊಟ್ಟಿಲೊಂದಿಗೆ ಮಾಗಡಿ ರಸ್ತೆಗೆ ಬಂದು ಇಲ್ಲಿನ ಅಂಗನವಾಡಿ, ಇಲ್ಲಿನ ಶಾಲೆ, ಇಲ್ಲಿನ ಕನ್ನಡದಲ್ಲೇ ಬೆಳೆಯುತ್ತದೆ. ಎರಡನೆಯ ಹೆರಿಗೆ ಮನೆಯ ಹತ್ತಿರದ ಆಸ್ಪತ್ರೆಯಲ್ಲೇ ಆದರೆ ಅದೇ ತಾಯಿಯ ಕಿರಿಯ ಮಗು ಸ್ಥಳೀಯ, ಹಿರಿಯದು ಪರಸ್ಥಳದ್ದು. ಅಜ್ಜಿಯ ಮನೆಯಲ್ಲಿ ಎಣ್ಣೆನೀರು ಮಾಡಿಸಿಕೊಂಡ ಕಾರಣಕ್ಕೆ ಒಂದು ಮಗುವಿನ ನಾಡು ಬದಲಾಗುತ್ತದೆಂದು ಹೇಳುವ ಲಕ್ಷಣವನ್ನು ಕಾನೂನಿನ ಭಾಷೆಯಲ್ಲಿ ಬರೆದರೂ ಅದು ಸತ್ಯವಾಗುವುದಿಲ್ಲ.

ಅತಿವ್ಯಾಪ್ತಿಯ ದೋಷ ಇದಕ್ಕೆ ವಿರುದ್ಧ ದಿಕ್ಕಿನದು. ಒಂದೇ ಊರು, ಒಂದೇ ಜಾತಿ, ಒಂದೇ ಮನೆಮಾತು ಸಾವಿರಾರು ಜನರಿಗೆ ಸಮಾನ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಿಗಂತೂ ಮೂಲದ ಎಲ್ಲ ಅಂಶಗಳೂ ಒಂದೇ. ಹೀಗಿದ್ದೂ ಒಬ್ಬ ತಂದೆತಾಯಿಯನ್ನು ಕಡೆಯವರೆಗೂ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಪಾಲು ಕೇಳಿ ಹೊರಟುಹೋಗುತ್ತಾನೆ. ಈ ಇಬ್ಬರನ್ನು ಬೇರ್ಪಡಿಸಲಾರದ ಧರ್ಮ ವ್ಯಕ್ತಿಯ ಲಕ್ಷಣವಾಗಲು ಹೇಗೆ ಸಾಧ್ಯ? ಒಬ್ಬೊಬ್ಬರಿಗೂ ಊರು, ಭಾಷೆ, ವೃತ್ತಿ, ಧರ್ಮ, ಅಭಿರುಚಿ ಎಂಬ ಹಲವು ಸಂಬಂಧಗಳಿರುವಾಗ ಅವುಗಳಲ್ಲಿ ಒಂದನ್ನೇ ಆರಿಸಿ ಇಡೀ ಮನುಷ್ಯನೆಂದು ಸಾರುವುದು ಹಿಂಸೆಗೆ ದಾರಿಯೆಂದು ಅಮರ್ತ್ಯ ಸೇನ್ 2006ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಆ ಮಾತನ್ನು ಒಪ್ಪುತ್ತಲೇ, ಆರಿಸಿಕೊಂಡ ಆ ಒಂದು ಸಂಬಂಧ ಮನುಷ್ಯನನ್ನು ಗುರುತಿಸುವ ಕೆಲಸವನ್ನೂ ಮಾಡಲಾರದು ಎಂಬುದನ್ನು ಇಲ್ಲಿ ಸೇರಿಸಬೇಕಾಗಿದೆ.

ಮೂರನೆಯ ದೋಷವಾದ ಅಸಂಭವ ಎಲ್ಲಕ್ಕಿಂತ ಕಠಿಣ, ಏಕೆಂದರೆ ಮೂಲಪ್ರಮಾಣವಾದ ಕಲ್ಪಿಸುವಂಥ ಶುದ್ಧ, ಅಚಲ ಮೂಲ ಎಲ್ಲಿಯೂ ಇಲ್ಲ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರು ಕಂಚಿಯ ಕಡೆಯಿಂದ ಆವತಿಗೆ ಬಂದು ನೆಲೆಸಿದವರೆಂದು ಪರಂಪರೆಯೇ ಹೇಳುತ್ತದೆ. 1638ರಲ್ಲಿ ಬೆಂಗಳೂರು ಬಿಜಾಪುರದ ಸೇನೆಯ ವಶವಾದ ಮೇಲೆ ಆ ವಂಶ ಮಾಗಡಿಗೆ ಸರಿಯಿತು, ಇಂದು ಹೇರೋಹಳ್ಳಿಯನ್ನು ಹಾದುಹೋಗುವ ರಸ್ತೆ ಮುಟ್ಟುವುದು ಆ ಮಾಗಡಿಯನ್ನೇ. ಶಹಾಜಿಯ ಕಾಲದ ಮರಾಠಿಗರು, ಹೈದರ್ ಮತ್ತು ಟಿಪ್ಪುವಿನ ಕಾಲದ ದಖನಿ ಮಾತಿನವರು, 1809ರಲ್ಲಿ ದಂಡು ಪ್ರದೇಶ ಹುಟ್ಟಿಕೊಂಡ ಮೇಲೆ ಅದರೊಂದಿಗೆ ನೆಲೆನಿಂತ ತಮಿಳರು ಎಲ್ಲರೂ ಈ ನಗರವನ್ನು ಕಟ್ಟಿದವರೇ. ಮೂಲವನ್ನು ಹುಡುಕುತ್ತ ಹಿಂದೆ ಹೋದಷ್ಟೂ ಸಿಗುವುದು ಇನ್ನೊಂದು ವಲಸೆ. ಎಲ್ಲೋ ಒಂದು ತಲೆಮಾರಿನಲ್ಲಿ ಗೆರೆ ಎಳೆದು ಇದಕ್ಕಿಂತ ಮೊದಲಿನವರು ಮೂಲದವರು, ಆಮೇಲಿನವರು ಬಂದವರು ಎನ್ನುವುದು ಗೆರೆ ಎಳೆಯುವವರ ಅನುಕೂಲವೇ ಹೊರತು ಚರಿತ್ರೆಯಲ್ಲ.

ಇದರಿಂದ ಪೂರ್ವಪಕ್ಷದ ಮೊದಲ ವಾದ ಅರ್ಧ ಕುಸಿಯುತ್ತದೆ. ಹುಟ್ಟು ಎಂಬ ಘಟನೆ ಬದಲಾಗದಿದ್ದರೂ ಅದರ ಹೆಸರು ಮತ್ತು ಬೆಲೆ ಬದಲಾಗುತ್ತಲೇ ಇರುತ್ತವೆ; 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಮರುಗೆರೆಯಾದಾಗ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಸರಗೋಡಿನ ಕನ್ನಡಿಗರು ತಮ್ಮ ಮನೆಯ ಜಗಲಿಯಿಂದ ಇಳಿಯದೆಯೇ ಕೇರಳದವರಾದರು. ಉಳಿದರ್ಧವೂ ನಿಲ್ಲುವುದಿಲ್ಲ. ಬದಲಾಗದ್ದೇ ಗುರುತು ಎಂಬ ಮಾತಿಗೆ ನಮ್ಮ ದರ್ಶನಗಳಲ್ಲೇ ಉತ್ತರವಿದೆ. ಹಿಂದೆ ಕಂಡವನನ್ನು ಮತ್ತೆ ಕಂಡು ಇವನೇ ಅವನು ಎಂದು ಅರಿಯುವ ಜ್ಞಾನಕ್ಕೆ ‘ಪ್ರತ್ಯಭಿಜ್ಞೆ’ ಎಂದು ಹೆಸರು. ವೇದಾಂತಿಗಳು ಇದಕ್ಕೆ ದೇವದತ್ತನೆಂಬವನ ಪ್ರಸಿದ್ಧ ದೃಷ್ಟಾಂತ ಕೊಡುತ್ತಾರೆ: ಅಂದು ಅಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿರುವವನು ಎನ್ನುವಾಗ ಅಂದು, ಅಲ್ಲಿ ಎಂಬ ವಿಶೇಷಣಗಳನ್ನೂ ಇಂದು, ಇಲ್ಲಿ ಎಂಬವುಗಳನ್ನೂ ಬಿಟ್ಟ ಮೇಲೆಯೇ ಆ ವಾಕ್ಯಕ್ಕೆ ಅರ್ಥ ಬರುತ್ತದೆ. ಒಬ್ಬನನ್ನು ಅವನೇ ಎಂದು ಗುರುತಿಸಬೇಕಾದರೆ ಅವನ ಸ್ಥಳವನ್ನು ಬಿಡಬೇಕು ಎಂಬ ಈ ತಿಳಿವು, ಸ್ಥಳವನ್ನೇ ಗುರುತೆನ್ನುವ ವಾದಕ್ಕೆ ನೇರ ವಿರುದ್ಧ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಲಾಕ್ ಕೂಡ ವ್ಯಕ್ತಿಯ ಏಕತೆಯನ್ನು ದೇಹದಲ್ಲಾಗಲಿ ದ್ರವ್ಯದಲ್ಲಾಗಲಿ ಹುಡುಕದೆ, ಹಿಂದೆ ಮಾಡಿದ್ದನ್ನು ತನ್ನದೆಂದು ಅರಿಯುವ ಪ್ರಜ್ಞೆಯಲ್ಲಿ ಕಂಡನು, ಮತ್ತು ‘ವ್ಯಕ್ತಿ’ ಎಂಬುದು ಮಾಡಿದ್ದಕ್ಕೆ ಉತ್ತರ ಹೇಳಬೇಕಾದವನನ್ನು ಸೂಚಿಸುವ ನ್ಯಾಯಾಂಗದ ಪರಿಭಾಷೆ ಎಂದನು.

ಎರಡನೆಯ ವಾದ, ಅಂದರೆ ಊರಿನವರ ನಂಟು ಬಡವರ ಆಸರೆ ಎಂಬುದು, ನಿಜವನ್ನು ಹೇಳಿ ತಪ್ಪು ತೀರ್ಮಾನಕ್ಕೆ ಬರುತ್ತದೆ. ಆಸರೆ ನಿಜ, ಅದನ್ನು ಕೊಟ್ಟವರ ಉಪಕಾರವೂ ನಿಜ. ಆದರೆ ಒಂದೇ ಊರಿನ ಹತ್ತು ಮಂದಿ ನಗರದಲ್ಲಿದ್ದಾಗ ಎದ್ದುಬಂದು ರೂಮು ತೋರಿಸಿದವರು ಒಬ್ಬರೋ ಇಬ್ಬರೋ. ಮೂಲ ಹತ್ತೂ ಜನರಿಗೆ ಸಮಾನವಾಗಿತ್ತು, ಹೊಣೆ ಹೊತ್ತವರು ಮಾತ್ರ ಅವರೇ. ಬೀದಿಯ ಹೆಂಗಸರು ತಾವೇ ಸೇರಿ ನಡೆಸುವ ಚೀಟಿಯ ವ್ಯವಹಾರವನ್ನು ಹತ್ತಿರದಿಂದ ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ತಿಂಗಳಿಗೆ ಇಷ್ಟೆಂದು ಇಪ್ಪತ್ತು ಮಂದಿ ಹಣ ಹಾಕಿ, ಪ್ರತಿ ತಿಂಗಳು ಚೀಟಿ ಕೂಗಿ, ಹೆಚ್ಚು ಬಿಟ್ಟುಕೊಡಲು ಒಪ್ಪಿದವರು ಮೊತ್ತವನ್ನು ಎತ್ತಿಕೊಂಡು ಹೋಗುವ ಈ ವ್ಯವಸ್ಥೆಗೆ ಪತ್ರವಿಲ್ಲ, ಜಾಮೀನಿಲ್ಲ. ಮಗಳ ಮದುವೆಗೆಂದು ಮೂರನೆಯ ತಿಂಗಳಲ್ಲೇ ಚೀಟಿ ಎತ್ತಿಕೊಂಡವರು ಉಳಿದ ಹದಿನೇಳು ತಿಂಗಳೂ ತಪ್ಪದೆ ಕಟ್ಟುತ್ತಾರೆ ಎಂಬ ನಂಬಿಕೆಯೊಂದೇ ಅದರ ಬಂಡವಾಳ. ಹೊಸಬರನ್ನು ಸೇರಿಸಿಕೊಳ್ಳುವಾಗ ಅಲ್ಲಿ ಕೇಳುವ ಪ್ರಶ್ನೆ “ಎತ್ತಿಕೊಂಡ ಮೇಲೂ ಕಟ್ಟೋರಾ?” ಎಂಬುದು. ತೆಲುಗಿನವಳು, ರಾಯಚೂರಿನ ಕಡೆಯವಳು, ಮುಸ್ಲಿಮರವಳು ಒಂದೇ ಚೀಟಿಯಲ್ಲಿರುತ್ತಾರೆ. ಸ್ವಂತ ಊರಿನವಳೇ ಆದರೂ ಒಮ್ಮೆ ಕೈಕೊಟ್ಟವಳಿಗೆ ಜಾಗವಿರುವುದಿಲ್ಲ. ಹಣದ ವಿಷಯದಲ್ಲಿ ತಪ್ಪಿದರೆ ತಾಳಿಕೊಳ್ಳಲಾರದ ಬಡವರು ಮನುಷ್ಯರನ್ನು ಅಳೆಯಲು ಆರಿಸಿಕೊಂಡ ಅಳತೆ ಇದು, ಮತ್ತು ಅದು ಮೂಲವಲ್ಲ.

ಈ ಅಳತೆ ಬೀದಿಯನ್ನು ದಾಟಿಯೂ ಕೆಲಸ ಮಾಡುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಹೆಣ್ಣುಮಕ್ಕಳು, ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ರಸ್ತೆಗಿಳಿದರು, ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರನ್ನು ಒಂದುಗೂಡಿಸಿದ್ದು ಊರೂ ಅಲ್ಲ, ಜಾತಿಯೂ ಅಲ್ಲ. ತಾವು ದುಡಿದು ಕೂಡಿಟ್ಟದ್ದು, ತಮ್ಮನ್ನು ನಂಬಿದವರಿಗಾಗಿ ಬೇಕಾದದ್ದು ಎಂಬ ಅರಿವು.

ಇನ್ನು ಮೂರನೆಯ ವಾದ. ಜಾತಿಯ ಅನ್ಯಾಯವನ್ನು ಸರಿಪಡಿಸಲು ಜಾತಿಯನ್ನು ಕೇಳಲೇಬೇಕೆಂಬುದು ಸರಿಯಾದ ಮಾತು. ಜಾತಿಯನ್ನು ಕೇಳುವುದೇ ಬೇಡ, ಆಗ ಅದು ತಾನಾಗಿ ಮಾಯವಾಗುತ್ತದೆ ಎನ್ನುವವರ ನಿಲುವು, ಅದರ ಪೆಟ್ಟನ್ನು ತಿನ್ನದವರಿಗೆ ಮಾತ್ರ ಸುಲಭವಾದದ್ದು. 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮನೆಮನೆಗೆ ಹೋಗಿ ಜಾತಿಯನ್ನು ಕೇಳಿದ್ದಕ್ಕೆ ಸಮರ್ಥನೆ ಇದೆ. ಆದರೆ ಅಲ್ಲಿ ದಾಖಲಾಗುವುದು ಸಮಾಜ ಆ ಕುಟುಂಬವನ್ನು ಹೇಗೆ ನಡೆಸಿಕೊಂಡಿದೆ, ಯಾವ ಬಾಗಿಲುಗಳನ್ನು ಮುಚ್ಚಿದೆ ಎಂಬುದೇ ಹೊರತು ಆ ಮನೆಯವರು ಎಂಥವರು ಎಂಬುದಲ್ಲ. ತಹಶೀಲ್ದಾರರು ಕೊಡುವ ಜಾತಿ ಪ್ರಮಾಣಪತ್ರ ಅನ್ಯಾಯಕ್ಕೆ ಸಾಕ್ಷಿ. ಅದನ್ನೇ ವ್ಯಕ್ತಿಯ ವ್ಯಾಖ್ಯೆಯಾಗಿ ಓದುವ ಓನರು, ತಾನು ಮುಚ್ಚಿದ ಬಾಗಿಲನ್ನು ಬಂದವರ ಗುಣವೆಂದು ಬಗೆಯುತ್ತಾರೆ. ಸಂವಿಧಾನ ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ: 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ರಾಜ್ಯ ತಾರತಮ್ಯ ಮಾಡಬಾರದೆನ್ನುತ್ತದೆ, ಅದೇ ವಿಧಿಯಲ್ಲಿ ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಅವಕಾಶ ಕಲ್ಪಿಸಲು ದಾರಿ ತೆರೆದಿದೆ.

ಈ ವಿವೇಕ ಹೊರಗಿನಿಂದ ಬಂದದ್ದೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಲಿಂಗ ಧರಿಸಿದವರ ಪೂರ್ವಾಶ್ರಯವನ್ನು, ಅಂದರೆ ಹಿಂದಿನ ಜಾತಿ ಕುಲಗಳನ್ನು, ಕೇಳಕೂಡದೆಂದು ಸಾರಿದರು. ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಅವರವರ ಕಾಯಕವೇ ಗುರುತಾಗಿ ನಿಂತಿದೆ. ಆ ಚಳವಳಿಯ ವಾರಸುದಾರಿಕೆಯೂ ಮುಂದೆ ಹುಟ್ಟಿನಿಂದ ಎಣಿಸುವ ಜಾತಿಯಾಗಿ ಹೆಪ್ಪುಗಟ್ಟಿದ್ದು, ಮೂಲಪ್ರಮಾಣವಾದ ತನ್ನನ್ನು ಅಲ್ಲಗಳೆದವರನ್ನೂ ನುಂಗುವಷ್ಟು ಬಲಶಾಲಿ ಎಂಬುದನ್ನು ತೋರಿಸುತ್ತದೆ. ಆದ್ದರಿಂದಲೇ ಇದನ್ನು ಒಮ್ಮೆ ಖಂಡಿಸಿ ಸುಮ್ಮನಾಗುವಂತಿಲ್ಲ, ಪ್ರತಿ ತಲೆಮಾರಿನಲ್ಲೂ ಖಂಡಿಸಬೇಕಾಗುತ್ತದೆ.

ಹಾಗಾದರೆ ಸಿದ್ಧಾಂತವೇನು? ವ್ಯಕ್ತಿ ಹೊತ್ತ ಹೊಣೆಯೇ ಅವನ ಲಕ್ಷಣ. ಹೊಣೆಯೆಂದರೆ ಇತರರು ಕೇಳಬಹುದಾದದ್ದು, ತಾನು ಉತ್ತರ ಕೊಡಬೇಕಾದದ್ದು, ನಡೆಸಬಹುದಾದದ್ದು ಮತ್ತು ತಪ್ಪಬಹುದಾದದ್ದು. ತಪ್ಪುವ ಸಾಧ್ಯತೆ ಇರುವುದರಿಂದಲೇ ಅದು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುತ್ತದೆ. ಹುಟ್ಟನ್ನು ಯಾರೂ ತಪ್ಪಿಸಿಕೊಂಡವರಿಲ್ಲವಾದ್ದರಿಂದ ಅದಕ್ಕೆ ಆ ಶಕ್ತಿಯಿಲ್ಲ. ಇದನ್ನು, ನಾನು ಏನೆಂದು ಬಗೆಯುತ್ತೇನೋ ಅದೇ ನಾನು ಎಂಬ ಈಚಿನ ಸ್ವೇಚ್ಛಾವಾದದೊಂದಿಗೆ ಬೆರೆಸಬಾರದು. ಎಷ್ಟೋ ಹೊಣೆಗಳು ಆರಿಸಿಕೊಳ್ಳದೆಯೇ ಬರುತ್ತವೆ: ಸಾಕಿದವರ ಋಣ, ಓದಿಸಿದ ಶಾಲೆಯ ಋಣ, ನೀರು ಕೊಟ್ಟ ಊರಿನ ಋಣ. ಮೂಲಕ್ಕೆ ಸಲ್ಲುವ ಗೌರವ ಇಲ್ಲಿದೆ. ಅದು ಕೆಲವು ಹೊಣೆಗಳ ಹುಟ್ಟುತಾಣ. ಆ ಹೊಣೆಗಳನ್ನು ಏನು ಮಾಡಿದೆವು ಎಂಬುದು ಮಾತ್ರ ಮೂಲ ಉತ್ತರಿಸಬಲ್ಲ ಪ್ರಶ್ನೆಯಲ್ಲ.

ಕನ್ನಡದ ಹಿತವೂ ಈ ಸಿದ್ಧಾಂತದಲ್ಲೇ ಇದೆ. ಕನ್ನಡಿಗತನವನ್ನು ಹುಟ್ಟಿಗೆ ಕಟ್ಟಿಹಾಕಿದರೆ ಹೊರಗಿನಿಂದ ಬಂದವರಿಗೆ ಕಲಿತೂ ಪ್ರಯೋಜನವಿಲ್ಲ, ಒಳಗೆ ಹುಟ್ಟಿದವರಿಗೆ ಕಲಿಯದೆಯೂ ನಷ್ಟವಿಲ್ಲ. ಭಾಷೆಯನ್ನು ಸೊರಗಿಸಲು ಇದಕ್ಕಿಂತ ಸಮರ್ಥವಾದ ಉಪಾಯ ಬೇರೆ ಬೇಕಿಲ್ಲ. ಅದನ್ನು ಹೊಣೆಯೆಂದು ತಿಳಿದರೆ 15 ವರ್ಷ ಇಲ್ಲಿ ಬಾಳಿದವರಿಂದ ಕನ್ನಡವನ್ನು ಕೇಳುವ ಹಕ್ಕು ನಾಡಿಗೆ ಬರುತ್ತದೆ, ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂಬ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಕರ್ತವ್ಯ ಸರ್ಕಾರಕ್ಕೆ ಬರುತ್ತದೆ, ವಲಸೆ ಬಂದ ಕೂಲಿಕಾರರ ಮಕ್ಕಳಿಗೆ ಆ ಭಾಷೆಯನ್ನು ಪ್ರೀತಿಯಿಂದ ಕಲಿಸುವ ಕೆಲಸ ನೆರೆಯವರ ಪಾಲಿಗೆ ಬರುತ್ತದೆ. ಮುಂದೆ ಅಂಥ ಮಸೂದೆ ಮತ್ತೆ ಬಂದರೆ ಅದರಿಂದ ಜನ್ಮದ ಷರತ್ತನ್ನು ಕಿತ್ತು, ನೆಲೆ ಮತ್ತು ನುಡಿಯ ಷರತ್ತುಗಳನ್ನು ಬಲಪಡಿಸಬೇಕು. ಇದರಿಂದ ಮೂಲದವರಿಗೆ ನಷ್ಟವಾಗುತ್ತದೆಂದು ಅಂಜುವವರು ಒಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ: ಈ ಮಣ್ಣಿನಲ್ಲಿ ಹುಟ್ಟಿಯೂ ಮಕ್ಕಳಿಗೆ ಕನ್ನಡದ ಒಂದು ಪುಟ ಓದಿಸದವರಿಗೆ, ಬೀದಿಯ ಕೆರೆ ಬತ್ತಿದರೂ ಕೇಳದವರಿಗೆ, ಬಾಡಿಗೆಗೆ ಬಂದವರನ್ನು ಹುಟ್ಟಿನ ಕಾರಣಕ್ಕೆ ತಿರುಗಿಸಿ ಕಳಿಸಿದವರಿಗೆ ಮೂಲ ಇದುವರೆಗೆ ಒಂದು ಅಡಗುದಾಣವಾಗಿತ್ತು, ಹೊಣೆಯ ಲೆಕ್ಕದಲ್ಲಿ ಅವರೂ ಎಲ್ಲರಂತೆ ಉತ್ತರ ಕೊಡಬೇಕಾಗುತ್ತದೆ.